ಹಾಲು, ಆಲು ಮತ್ತು ನಾಟಕದ ಶಾಲೆ

ತುಂಬಾ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಮೊನ್ನೆ ನೆಂಟರ ಹುಡುಗ ಮನೆಗೆ ಬಂದು ಹೋದಮೇಲೆ ಇನ್ನು ತಡೆಯೋದು ಬೇಡ ಅನ್ನಿಸಿತು. ಟಿ. ನರಸೀಪುರದ ಪಕ್ಕದ ಹಳ್ಳಿಯವನು. ನಾಟಕದ ಹುಚ್ಚು. ಒಂದು ರಂಗಶಾಲೆಯ ಸಂದರ್ಶನಕ್ಕೆ ಹೋಗಿದ್ದನಂತೆ. ಏನಾಯ್ತೋ ಅಂದರೆ, "ಭಾಸೆ ಸರಿ ಇಲ್ವಂತೆ ಮಾವ. ಹಾಲು ಅನ್ನಕ್ಕೆ ಆಲು ಅಂತೀಯ, ಮೊದ್ಲು ಕನ್ನಡ ಕಲ್ತ್ಕೊಂಡ್ ಬಾ ಅಂದ್ರು" ಅಂದ. ಓದೋಕೆ ಕೊಟ್ಟ ಪುಸ್ತಕವೂ ಇಂಗ್ಲಿಷಿನದ್ದಂತೆ. ಶಾಲೆಯ ಹೆಸರು ಇಲ್ಲಿ ಬೇಡ, ಅದೊಂದೇ ಶಾಲೆಯ ರೋಗವೂ ಅಲ್ಲ.

ನನಗೆ ತಕ್ಷಣ ನೆನಪಾದದ್ದು ನಮ್ಮ ದೊಡ್ಡಪ್ಪ. ನಮ್ಮ ಕಡೆ ಊರೂರಲ್ಲೂ ಕುರುಕ್ಷೇತ್ರ ಆಡುತ್ತಿದ್ದ ಕಾಲ (ಈಗಲೂ ಆಡುತ್ತಾರೆ, ನಿಂತಿಲ್ಲ). ದುಡ್ಡು ಕೊಟ್ಟು ಪಾತ್ರ ಹಿಡಿಯಬೇಕು, ದುರ್ಯೋಧನನಿಗೂ ಕೃಷ್ಣನಿಗೂ ರೇಟು ಜಾಸ್ತಿ. ದೊಡ್ಡಪ್ಪನದು ಭೀಮನ ಪಾತ್ರ. ಗದ್ದೆಯಲ್ಲಿ "ಎತ್ಗೆ ಉಲ್ ಆಕ್ಲಾ" ಅನ್ನುವ ಮನುಷ್ಯ ರಾತ್ರಿ ಸೀನರಿ ಮುಂದೆ ಬಂದು ನಿಂತರೆ ಒಂದೇ ಒಂದು ಹ-ಕಾರ ತಪ್ಪುತ್ತಿರಲಿಲ್ಲ, ಮಹಾಪ್ರಾಣ ಬೀಳುತ್ತಿರಲಿಲ್ಲ. ಹೇಗೆ ಸಾಧ್ಯವಾಯ್ತು ಅಂತ ಒಮ್ಮೆ ಕೇಳಿದ್ದೆ. ಹಾರ್ಮೋನಿಯಂ ಮೇಷ್ಟ್ರು ಅಂಗೈಯನ್ನು ಬಾಯಿ ಮುಂದೆ ಹಿಡಿಸಿ, "ಕೈಗೆ ಬಿಸಿ ತಗಲಬೇಕು, ಆಗ ಹ ಬಂತು ಅಂತ ಲೆಕ್ಕ" ಅನ್ನುತ್ತಿದ್ದರಂತೆ. ಎರಡು ತಿಂಗಳು ರಾತ್ರಿ ತಾಲೀಮು, ಮೇಷ್ಟ್ರಿಗೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಊಟ. ಮೇಷ್ಟ್ರು ಯಾವತ್ತೂ ದೊಡ್ಡಪ್ಪನ ಗದ್ದೆಯ ಮಾತನ್ನು ತಿದ್ದಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕನ್ನಡವನ್ನು ತಂದಿಟ್ಟರು, ಅಷ್ಟೇ. ಒಂದು ಲೆಕ್ಕದಲ್ಲಿ ಅದು ದ್ವಿಭಾಷಾ ಶಾಲೆ!

ಆ ಎರಡನೆಯ ಕನ್ನಡ, ಅಂದರೆ ಕಂದ-ವೃತ್ತಗಳ ನಾಟಕದ ಕನ್ನಡ, ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಒಂದು ದಾರಿ ನಮ್ಮ ತಾಲ್ಲೂಕಿಗೇ ಬಂದು ಸೇರುತ್ತದೆ. ಟಿ. ನರಸೀಪುರದ ಪಕ್ಕದಲ್ಲೇ ಸೋಸಲೆ. ಅಲ್ಲಿಯ ಅಯ್ಯಾಶಾಸ್ತ್ರಿಗಳು (1854-1934) ಮೈಸೂರು ಅರಮನೆಯ ಆಸ್ಥಾನ ಕವಿಗಳಾಗಿದ್ದವರು. ಅವರ ತಂದೆ ಸಂಸ್ಕೃತ ವಿದ್ವಾಂಸ ಗರಳಪುರಿ ಶಾಸ್ತ್ರಿಗಳು. ಗರಳಪುರಿ ಅಂದರೆ ನಂಜನಗೂಡೇ: ಗರಳ ಎಂದರೆ ನಂಜು. ನಂಜನಗೂಡಿನ ಕಪಿಲೆ ತಿರುಮಕೂಡಲಿಗೆ ಬಂದು ಕಾವೇರಿಯನ್ನು ಸೇರುವ ಹಾಗೆ ಅಪ್ಪನ ಸಂಸ್ಕೃತ ಮಗನ ಕಾಲಕ್ಕೆ ಕನ್ನಡಕ್ಕೆ ಬಂದು ಸೇರಿತು. ಅಯ್ಯಾಶಾಸ್ತ್ರಿಗಳ ಹೆಸರು ಗೊತ್ತಿಲ್ಲದವರಿಗೂ 'ಸ್ಕೂಲ್ ಮಾಸ್ಟರ್' (1958) ಚಿತ್ರದಲ್ಲಿ ಮಕ್ಕಳು ಕೈಮುಗಿದು ಹಾಡುವ ಪ್ರಾರ್ಥನೆ ಗೊತ್ತು. ಅದು ಅವರದೇ.

1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆ ನಾಟಕ ಕಂಪನಿ ಶುರುವಾದಾಗ ಆಡುವುದಕ್ಕೆ ಕನ್ನಡದಲ್ಲಿ ನಾಟಕಗಳೇ ಸಾಲದು. ಬಸವಪ್ಪ ಶಾಸ್ತ್ರಿಗಳು ಸಂಸ್ಕೃತದಿಂದ ಶಾಕುಂತಲ ಮುಂತಾದವನ್ನು ತಂದರು, ಅಯ್ಯಾಶಾಸ್ತ್ರಿಗಳೂ ರಂಗಕ್ಕೆ ಬರೆದರು. ನನಗೆ ಬಹಳ ಇಷ್ಟವಾದ ಕಥೆ 'ಶೂರಸೇನ ಚರಿತ್ರೆ'ಯದು. ಅದು ಶೇಕ್ಸ್‌ಪಿಯರನ ಒಥೆಲೊ. ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಿ. ಸುಬ್ಬರಾಯರು ಎಂಬ ಇಂಗ್ಲಿಷ್ ಬಲ್ಲವರ ನೆರವಿನಿಂದ ಶಾಸ್ತ್ರಿಗಳು ಅದನ್ನು ಕನ್ನಡದ ನಾಟಕ ಮಾಡಿದರು. ಇಂಗ್ಲಿಷ್ ಕಲಿತುಕೊಂಡು ಬನ್ನಿ, ಆಮೇಲೆ ಶೇಕ್ಸ್‌ಪಿಯರ್ ಅಂತ ಅವರನ್ನು ಯಾರೂ ಬಾಗಿಲಲ್ಲೇ ನಿಲ್ಲಿಸಲಿಲ್ಲ.

ಅಲ್ಲಿಂದ ಮುಂದಿನದು ವೃತ್ತಿ ಕಂಪನಿಗಳ ಕಾಲ. ಇಲ್ಲಿ ನಂಜನಗೂಡಿನದೇ ಒಂದು ಉದಾಹರಣೆ ಇದೆ. 1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹುಡುಗ ಎಂಟನೇ ವಯಸ್ಸಿಗೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಅವರೇ ಜಿ.ವಿ. ಅಯ್ಯರ್. ಕಂಪನಿಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ, ಸಿಲಬಸ್ ಇರಲಿಲ್ಲ. ಊಟ ಇತ್ತು, ಕೆಲಸ ಇತ್ತು, ದಿನಾ ರಾತ್ರಿ ಎದುರಿಗೆ ಜನ ಇದ್ದರು. ಕಂಪನಿ ಬದುಕನ್ನು ಚಿನ್ನದ ಯುಗ ಅಂತ ಹೊಗಳುವವನು ನಾನಲ್ಲ. ಎಂಟು ವರ್ಷದ ಮಗು ಮನೆ ಬಿಟ್ಟು ದುಡಿಯುವುದನ್ನು ಇವತ್ತು ಯಾರೂ ಒಪ್ಪಲಾರರು, ಒಪ್ಪಲೂಬಾರದು. ಆದರೆ ಅಲ್ಲಿ ಕಲಿತವರು ತಮ್ಮ ಕಾಲ ಮೇಲೆ ನಿಂತರು. ಸಿನಿಮಾದ ಕೆಲಸ ಸಾಲದೇ ಹೋದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿ ನಾಟಕ ಆಡಿದರು, 1960ರಲ್ಲಿ 'ರಣಧೀರ ಕಂಠೀರವ' ಸಿನಿಮಾ ಮಾಡಿದರು. ಮುಂದೆ ಇದೇ ಅಯ್ಯರ್ 1983ರಲ್ಲಿ 'ಆದಿ ಶಂಕರಾಚಾರ್ಯ' ತೆಗೆದರು, ಸಂಸ್ಕೃತದ ಮೊದಲ ಚಲನಚಿತ್ರ. ಶಾಲೆ ಅಂತ ಹೆಚ್ಚು ಕಾಣದ ಕಂಪನಿಯ ಹುಡುಗ!

ಅದೇ ಗುಬ್ಬಿ ಕಂಪನಿಗೆ ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ದಕ್ಷಿಣ ಕನ್ನಡದ ಮಂಚಿ ಕಡೆಯವರು. ವೀರಣ್ಣನವರು ಈ ಹುಡುಗನನ್ನು ಹಿಂದಿ ಎಂ.ಎ. ಓದಲು ಬನಾರಸಿಗೆ ಕಳಿಸಿದರು. ಸ್ವಲ್ಪ ಯೋಚಿಸಿ, ಕನ್ನಡ ನಾಟಕ ಕಂಪನಿಯ ಯಜಮಾನ ತನ್ನ ಹುಡುಗನನ್ನು ಇನ್ನೊಂದು ಭಾಷೆ ಓದಲಿ ಅಂತ ಕಳಿಸುತ್ತಾನೆ. ಕಾರಂತರು ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ (ಎನ್‌ಎಸ್‌ಡಿ, 1959ರಲ್ಲಿ ಶುರುವಾದದ್ದು) ಹೋದರು, 1977ರಲ್ಲಿ ಅದರ ನಿರ್ದೇಶಕರೇ ಆದರು. ಹಿಂದಿ-ಇಂಗ್ಲಿಷಿನಲ್ಲಿ ನಡೆಯುವ ಆ ಶಾಲೆಯನ್ನು ದೆಹಲಿಯ ಗೋಡೆ ದಾಟಿಸಿ ಬೇರೆ ಬೇರೆ ರಾಜ್ಯಗಳಲ್ಲಿ ಶಿಬಿರ ಮಾಡಿಸಿದರು. 1989ರಲ್ಲಿ ಮೈಸೂರಿಗೆ ಬಂದು ರಂಗಾಯಣದ ಮೊದಲ ನಿರ್ದೇಶಕರಾದರು.

ರಂಗಾಯಣದಲ್ಲಿ ಕಾರಂತರು ಕಂಪನಿಯನ್ನೂ ಶಾಲೆಯನ್ನೂ ಒಂದೇ ಚಪ್ಪರದ ಕೆಳಗೆ ತಂದರು ಅಂತ ನನಗನ್ನಿಸುತ್ತದೆ. ತಿಂಗಳ ಸಂಬಳ, ಜೊತೆಗೆ ಕಲಿಕೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಇದೇ ಗಂಟನ್ನು ಬೇರೆ ರೀತಿ ಬಿಡಿಸಿದ್ದರು: 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಕಲಿತವರು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಉತ್ತರ ಆ ತಿರುಗಾಟ. ಈ ಪ್ರಶ್ನೆ ಕೇಳಿಕೊಳ್ಳದ ರಂಗಶಾಲೆಗಳಿಂದ ಹೊರಬಿದ್ದ ಹುಡುಗರು ಧಾರಾವಾಹಿಯ ಆಡಿಷನ್ ಸಾಲಿನಲ್ಲಿ ನಿಂತಿರುತ್ತಾರೆ. ತಪ್ಪು ಅಂತಲ್ಲ, ಹೊಟ್ಟೆಪಾಡು. ಆದರೆ ವೃತ್ತಿ ಶಿಕ್ಷಣ ಅಂತ ಹೆಸರಿಟ್ಟ ಮೇಲೆ ವೃತ್ತಿ ಎಲ್ಲಿದೆ ಅಂತ ಹೇಳಬೇಕಾದದ್ದು ಶಾಲೆಯ ಕೆಲಸವೂ ಹೌದಲ್ಲವೇ?

ಈಗ ಮತ್ತೆ ಆ ಹ-ಕಾರದ ವಿಷಯಕ್ಕೆ ಬರ್ತೀನಿ. ನಂಜನಗೂಡು ತಾಲ್ಲೂಕಿನ ದೇವನೂರಿನವರು ದೇವನೂರ ಮಹಾದೇವ. ಅವರ 'ಕುಸುಮಬಾಲೆ' (1984) ಈ ಸೀಮೆಯ ಮಾತಿನಲ್ಲೇ ಇದೆ. ಬಂದ ಹೊಸತರಲ್ಲಿ ಇದು ಅರ್ಥವಾಗದ ಕನ್ನಡ ಅಂತ ಗೊಣಗಿದವರೂ ಉಂಟು. 1990ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮುಂದೆ ಎನ್‌ಎಸ್‌ಡಿಯಲ್ಲಿ ಕಲಿತ ಸಿ. ಬಸವಲಿಂಗಯ್ಯನವರು ರಂಗಾಯಣಕ್ಕೆ ಅದನ್ನು ನಾಟಕ ಮಾಡಿಸಿದರು. ಅದನ್ನು ಆಡಬೇಕಾದರೆ ಯಾವ ಜಿಲ್ಲೆಯ ನಟನಾದರೂ ನಮ್ಮ ಕಡೆಯವರ ಮಾತಿಗೆ ಕಿವಿ ಕೊಡಲೇಬೇಕು. ಅಂದರೆ ನಮ್ಮ ಹುಡುಗ ಮನೆಯಿಂದ ಪುಕ್ಕಟೆ ತಂದ ಮಾತನ್ನು ಬೇರೆಯವರು ಕಷ್ಟಪಟ್ಟು ಕಲಿಯಬೇಕು. ಸಂದರ್ಶನದಲ್ಲಿ ಅದಕ್ಕೆ ಸಿಕ್ಕ ಮಾರ್ಕು ಸೊನ್ನೆ.

ಈಗಿನ ರಂಗಶಾಲೆಗಳಲ್ಲಿ ಕನ್ನಡ-ಇಂಗ್ಲಿಷ್ ಎರಡೂ ಇರಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಬೆಳಕಿನ ವಿನ್ಯಾಸವಾಗಲಿ, ಸ್ತಾನಿಸ್ಲಾವ್‌ಸ್ಕಿಯಾಗಲಿ, ಓದುವ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲೇ ಇದೆ. ಅದನ್ನು ಹುಡುಗರಿಗೆ ದಾಟಿಸಲು ಪ್ರತಿ ಶಾಲೆಗೂ ಒಬ್ಬ ಸುಬ್ಬರಾಯರು ಬೇಕು. ಪುಸ್ತಕ ಕೈಗೆ ಕೊಟ್ಟು ಓದಿಕೋ ಅಂದರೆ ಆಗುವುದಿಲ್ಲ. ಸೇರಿದ ಮೊದಲ ತಿಂಗಳು ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಮಾತನ್ನು ಉಳಿದವರಿಗೆ ಕಲಿಸಲಿ, ಬೀದರಿನವನಿಂದ ನರಸೀಪುರದವನು, ನರಸೀಪುರದವನಿಂದ ಕುಂದಾಪುರದವಳು. ಗ್ರಾಂಥಿಕ ಆಮೇಲೆ ಬರಲಿ, ಅಂಗೈ ಹಿಡಿದರೆ ಅದು ಎರಡು ತಿಂಗಳ ಕೆಲಸ, ದೊಡ್ಡಪ್ಪನೇ ಸಾಕ್ಷಿ. ಇನ್ನು ಕಲಿತವರು ವರ್ಷಕ್ಕೆ ಆರು ತಿಂಗಳಾದರೂ ಸಂಬಳ ಪಡೆದು ತಾಲ್ಲೂಕು ತಾಲ್ಲೂಕು ಸುತ್ತುವ ಏರ್ಪಾಡು ಬೇಕು. ಇದಕ್ಕೆ ದುಡ್ಡು ಬೇಕು ಅಂತ ನನಗೂ ಗೊತ್ತು. ನಂಜನಗೂಡಿನ ದೊಡ್ಡ ಜಾತ್ರೆಗೆ ಸೇರುವ ಜನ ನೋಡಿದರೆ ಪ್ರೇಕ್ಷಕರ ಬರ ಇದೆ ಅಂತ ಮಾತ್ರ ಯಾರೂ ಹೇಳಬೇಡಿ.

ಹುಡುಗನಿಗೆ ಮುಂದಿನ ವರ್ಷ ಮತ್ತೆ ಹೋಗು ಅಂದಿದ್ದೀನಿ. ಹೋಗುವಾಗ ಕುಸುಮಬಾಲೆಯ ಒಂದು ಪುಟ, ಕುರುಕ್ಷೇತ್ರದ ಭೀಮನ ಒಂದು ಮಾತು, ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋಗೋದು ಅಂತ ತೀರ್ಮಾನವಾಗಿದೆ. ಭಾನುವಾರ ಭಾನುವಾರ ಬರ್ತಾನೆ. ಅಂಗೈಗೆ ಇನ್ನೂ ಅಷ್ಟಾಗಿ ಬಿಸಿ ತಗಲುತ್ತಿಲ್ಲ :)