ಡಬ್ಬಿಯ ಹಿಟ್ಟು, ಮನೆಯ ಸರಿ



ಹೊಲದಲ್ಲಿ ರಾಗಿ ಬೆಳೆದವರೇ ಕೂಸಿಗೆ ಅಂತ ಪೇಟೆಯಿಂದ ಡಬ್ಬಿ ತರುವುದುಂಟು. ಡಬ್ಬಿಯಲ್ಲಿರುವುದೇ ಪುಷ್ಟಿ ಅನ್ನೋ ನಂಬಿಕೆ ಎಲ್ಲಿಂದ ಬಂತು? ಅದರ ಚರಿತ್ರೆಯನ್ನು ಸ್ವಲ್ಪ ಕೇಳಿ.

1867ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹೆನ್ರಿ ನೆಸ್ಲೆ ಎಂಬವರು ಹಸುವಿನ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಮಕ್ಕಳ ಹಿಟ್ಟು ತಯಾರಿಸಿದರು. ತಾಯಿಹಾಲು ಸಿಗದ ಕೂಸುಗಳಿಗಾಗಿ ಹುಟ್ಟಿದ್ದು ಅದು. ಆದರೆ ಬರಬರುತ್ತಾ ವ್ಯಾಪಾರಿಗಳು ಎದೆಹಾಲಿರುವ ತಾಯಂದಿರಿಗೂ ಡಬ್ಬಿಯನ್ನೇ ಹೊಗಳಿ ಮಾರಿದರು. ಡಬ್ಬಿ ಬೇಗ ಮುಗಿದೀತು ಅಂತ ಬಡವರು ನೀರು ಹೆಚ್ಚಿಸಿದರು. ಆ ನೀರೂ ಶುದ್ಧವಿರಲಿಲ್ಲ. ಕೂಸುಗಳು ಸೊರಗಿದವು, ಭೇದಿಯಿಂದ ಸತ್ತವು. ಸಿಹಿ ಗಟ್ಟಿಹಾಲಿನ ಡಬ್ಬಿಯನ್ನು ಹೀಗೆ ಮಾರುವುದು ಕೊಲೆಗೆ ಸಮ ಎಂದು 1939ರಲ್ಲೇ ಸಿಂಗಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಭೆಯಲ್ಲಿ ನಿಂತು ಹೇಳಿದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಾರಾಟಕ್ಕೆ ಕಟ್ಟಳೆ ಹಾಕಿತು. ನಮ್ಮ ದೇಶದಲ್ಲಿ 1992ರ ಕಾನೂನು, 2003ರ ತಿದ್ದುಪಡಿ ಸೇರಿ, ಎರಡು ವರ್ಷದವರೆಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತೇ ಕೂಡದು ಎಂದವು.

ಇನ್ನು ನಮ್ಮ ಸೀಮೆಯ ರಾಗಿ ಸರಿಯ ಸಂಗತಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೂಳೆಗೂ ಹಲ್ಲಿಗೂ ಬೇಕಾದ್ದು ಇದೇ. ಪಾಲಿಶ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿನಷ್ಟೇ.

ನಮ್ಮ ಅಜ್ಜಿಯರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುತ್ತಿದ್ದರು. ಯಾಕೆ ಗೊತ್ತೆ? ಹಸಿ ಹಿಟ್ಟು ಬೇಯಿಸಿದರೆ ಅಂಟಿನಂತೆ ಗಟ್ಟಿಯಾಗುತ್ತದೆ. ತೆಳ್ಳಗೆ ಮಾಡಲು ನೀರು ಸುರಿದರೆ ಸತ್ವ ಕಡಿಮೆ. ಮೊಳಕೆ ಬಂದಾಗ ಕಾಳಿನ ಪಿಷ್ಟ ಒಡೆಯುತ್ತದೆ. ಆಗ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗಿರುತ್ತದೆ. ಕೂಸಿನ ಹೊಟ್ಟೆ ಚಿಕ್ಕದು ನೋಡಿ, ತುತ್ತು ತುತ್ತಿಗೂ ಸತ್ವವಿರಬೇಕು.

ಹಾಗಂತ ರಾಗಿಯೊಂದೇ ಸಾಲದು. ಮೈ ಬೆಳೆಸುವ ಅಂಶಕ್ಕೆ ಹುರಿದ ಹೆಸರುಬೇಳೆ ಬೆರೆಸಿ ಬೀಸಿ. ಕುದಿಸಿದ ಸರಿಗೆ ಒಂದು ಚಮಚ ತುಪ್ಪ ಹಾಕಿ. ಬೇಯಿಸಿದ ಸೊಪ್ಪು, ಹಣ್ಣು, ತಿನ್ನುವ ಮನೆಯಾದರೆ ಮೊಟ್ಟೆ, ಇವನ್ನೂ ಮೆದುಮಾಡಿ ತಿನ್ನಿಸಿ. ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಸರಿ ಶುರುಮಾಡಿ, ಎರಡು ವರ್ಷದವರೆಗೂ ಎದೆಹಾಲು ಬಿಡಿಸಬೇಡಿ.

ತಾಯಿಹಾಲೇ ಇಲ್ಲದ ಕೂಸಿಗೆ ವೈದ್ಯರನ್ನು ಕೇಳಿ ಡಬ್ಬಿ ಹಾಲು ಕೊಡಿ; ಅಳತೆ ತಪ್ಪಬೇಡಿ, ನೀರು ಕುದಿಸದೆ ಬೆರೆಸಬೇಡಿ. ಉಳಿದವರು ಈ ಸುಗ್ಗಿಯಲ್ಲಿ ರಾಗಿ ಮಾರುವ ಮುಂಚೆ ಕೂಸಿನ ಪಾಲನ್ನು ತೆಗೆದಿಡಿ. ಆಗಬಹುದಲ್ಲವೆ?