ಉಪದೇಶಿ ಮೇಷ್ಟರ ದಿನಚರಿ ಮತ್ತು ಸಣ್ಣ ಸುಖಗಳು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ಜಾನಪದೀಯ ನೋಟ

ಪೀಠಿಕೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳು ಕರ್ನಾಟಕದ ಚರಿತ್ರೆಯ ಅತ್ಯಂತ ಹಳೆಯ ಲಿಖಿತ ಆಧಾರಗಳಲ್ಲಿ ಸೇರಿವೆ. ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಶಾಸನಗಳಲ್ಲಿ ತಾಯಿತಂದೆಗಳ ಸೇವೆ, ಪ್ರಾಣಿಗಳ ವಿಷಯದಲ್ಲಿ ದಯೆ, ಸತ್ಯವಚನ ಇವುಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಆದೇಶವೂ ಇದೆ. ಮೇಷ್ಟರ ಗೌರವದ ಪ್ರಶ್ನೆ ಈ ನೆಲದ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆಯಲ್ಪಟ್ಟಿದೆ.

ಈ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಅವರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಗಳಾಗಿದ್ದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದು. ಮಗ ರೈಸರು ಮೊದಲು ಶಾಲೆಯ ಮುಖ್ಯಸ್ಥರಾಗಿ, ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ ಕೆಲಸ ಮಾಡಿದವರು. ಶಾಲೆಗಳ ತನಿಖೆಗೆಂದು ಸಂಸ್ಥಾನವನ್ನು ಸುತ್ತುವಾಗಲೇ ಅವರಿಗೆ ಶಾಸನಗಳ ಪರಿಚಯವಾಯಿತು. ಹೀಗೆ ಮಿಷನ್ ಮನೆತನದಲ್ಲಿ ಹುಟ್ಟಿ ಶಾಲೆಗಳ ಸಂಗದಲ್ಲಿ ಬೆಳೆದ ವಿದ್ವಾಂಸರೊಬ್ಬರಿಗೆ ಆಚಾರ್ಯ ಗೌರವದ ಈ ಶಾಸನ ಗೋಚರಿಸಿತು. ಆದರೆ ಅದೇ ಮಿಷನ್ ವ್ಯವಸ್ಥೆಯ ಕಟ್ಟಕಡೆಯ ಮೆಟ್ಟಿಲಿನಲ್ಲಿದ್ದ ಹಳ್ಳಿಯ ಉಪದೇಶಿ ಮೇಷ್ಟರ ಬದುಕು ಮಾತ್ರ ಚರಿತ್ರೆಯಲ್ಲಿ ತಕ್ಕ ಸ್ಥಾನವನ್ನು ಪಡೆಯಲಿಲ್ಲ.

ಮಿಷನ್ನುಗಳ ವಾರ್ಷಿಕ ವರದಿಗಳು ಶಾಲೆಗಳ ಸಂಖ್ಯೆ, ಮಕ್ಕಳ ಸಂಖ್ಯೆ, ದೀಕ್ಷಾಸ್ನಾನ ಪಡೆದವರ ಸಂಖ್ಯೆಗಳನ್ನು ಬಹು ಎಚ್ಚರದಿಂದ ಕೊಡುತ್ತವೆ. ಆ ಅಂಕಿಗಳ ಹಿಂದಿದ್ದ ಮೇಷ್ಟರು ಏನನ್ನು ಉಂಡರು, ಯಾರ ಕಟ್ಟೆಯ ಮೇಲೆ ಕುಳಿತರು, ಯಾವ ಹಾಡಿಗೆ ತಲೆದೂಗಿದರು ಎಂಬುದು ವರದಿಯ ವಿಷಯವಲ್ಲ. ಜಾನಪದ ಅಧ್ಯಯನಕ್ಕೆ ಅದೇ ಮುಖ್ಯ ವಿಷಯ. ಉಪದೇಶಿ ಮೇಷ್ಟರನ್ನು ಹಳ್ಳಿಯೊಂದಿಗೆ ಬೆಸೆದದ್ದು ಅವರ ಉಪದೇಶಕ್ಕಿಂತ ಹೆಚ್ಚಾಗಿ ಈ ಸಣ್ಣ ಸುಖಗಳು, ಮತ್ತು ಕನ್ನಡ ಜಾನಪದ ಸಂಗ್ರಹದ ಮೊದಲ ಹೆಜ್ಜೆಗಳಿಗೂ ಈ ಬೆಸುಗೆಗೂ ಹತ್ತಿರದ ಸಂಬಂಧವಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪ್ರತಿಪಾದಿಸಲಾಗಿದೆ.

ಸೀಮೆ, ಗಡಿ ಮತ್ತು ಬರ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ವೇದಾವತಿಯ ಬಯಲು, ದನಗಳ ಕಾವಲುಗಳು, ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳು, ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಇವು ಈ ಸೀಮೆಯ ಗುರುತುಗಳು. ಕನ್ನಡದ ಜೊತೆಗೆ ತೆಲುಗು ಇಲ್ಲಿ ಮನೆಮಾತಾಗಿಯೂ ಸಂತೆಯ ಮಾತಾಗಿಯೂ ಇದೆ.

ಆಡಳಿತದ ದೃಷ್ಟಿಯಿಂದ ಇದು ಗಡಿನಾಡು. ಮೊಳಕಾಲ್ಮೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೂ ಅದರ ಮೂರು ಕಡೆಗಳಲ್ಲಿ ಮದರಾಸು ಪ್ರಾಂತ್ಯವಿತ್ತು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮಿಷನ್ನುಗಳ ಚರಿತ್ರೆಯಲ್ಲೂ ಈ ಗಡಿ ಕಾಣುತ್ತದೆ. ಉತ್ತರದ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಸಮಗ್ರ ಕನ್ನಡ ಬೈಬಲ್ ಅಲ್ಲಿ 1831ರಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನಿನ ಶಾಲೆಗಳೂ ಮುದ್ರಣಾಲಯವೂ ಬೆಳೆದವು. ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರೊಂದು ಈ ಸೀಮೆಯ ಪಕ್ಕದಲ್ಲೇ ಇತ್ತೆಂಬುದು ಗಮನಾರ್ಹ.

1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ಈ ಬಯಲುಸೀಮೆಯನ್ನು ಬಹುವಾಗಿ ಕಾಡಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಬ್ಬಲಿಯಾದ ಮಕ್ಕಳಿಗಾಗಿ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳ, ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯಗಳನ್ನು ತೆರೆದರು. ಇಂತಹ ಆಲಯಗಳಲ್ಲಿ ಬೆಳೆದವರಲ್ಲಿ ಕೆಲವರು ಮುಂದೆ ಮಿಷನ್ನಿನ ನೌಕರರಾದರು. ಬೆಡಗು, ಒಕ್ಕಲು, ಮನೆದೇವರು ಕೇಳಿಯೇ ಮಾತಿಗೆ ಕೂರಿಸುವ ಹಟ್ಟಿಯೊಂದಕ್ಕೆ ಇವು ಯಾವುವನ್ನೂ ಹೇಳಲಾಗದ ತರುಣನೊಬ್ಬ ಮೇಷ್ಟರಾಗಿ ಹೋಗುವುದೆಂದರೆ ಏನೆಂಬುದನ್ನು ನಾವು ಊಹಿಸಬೇಕು. ಸಣ್ಣ ಸುಖಗಳ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲಿ.

ಒಬ್ಬ ನೌಕರ, ಎರಡು ಕೆಲಸ

‘ಉಪದೇಶಿ’ ಎಂಬ ಶಬ್ದ ಪ್ರಾಟೆಸ್ಟಂಟ್ ಸಭೆಗಳಲ್ಲಿ ದೀಕ್ಷಿತ ಸಭಾಪಾಲಕನಿಗಿಂತ ಕೆಳಗಿನ, ಸಂಬಳದ ನೌಕರನನ್ನು ಸೂಚಿಸುತ್ತದೆ. ಸಭಾಪಾಲಕರು ‘ಅಯ್ಯನವರು’, ಉಪದೇಶಿಯಾದರೋ ಹಳ್ಳಿಯ ಬಾಯಲ್ಲಿ ‘ಮೇಷ್ಟ್ರು’. ಹಗಲು ಶಾಲೆ, ಸಂಜೆ ಪ್ರಾರ್ಥನೆ, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ, ಸಾವುನೋವಿನ ಮನೆಗಳ ಭೇಟಿ, ತಿಂಗಳ ಕೊನೆಗೆ ವರದಿ ಇವೆಲ್ಲ ಒಬ್ಬನ ಕೆಲಸ.

1854ರ ವುಡ್ ಅವರ ಶಿಕ್ಷಣ ನಿರೂಪದ ಅನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ದೊರೆಯತೊಡಗಿತು. ಅದರೊಂದಿಗೆ ತನಿಖೆಯೂ ಬಂತು. ಮದರಾಸು ಪ್ರಾಂತ್ಯದಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಪದ್ಧತಿ ಬಹುಕಾಲ ನಡೆಯಿತು. ಹೀಗಾಗಿ ಮೇಷ್ಟರಿಗೆ ಇಬ್ಬರು ಧಣಿಗಳು. ಅಯ್ಯನವರಿಗೆ ಸುವಾರ್ತೆಯ ಲೆಕ್ಕ ಬೇಕು, ಇನ್‌ಸ್ಪೆಕ್ಟರರಿಗೆ ಮಗ್ಗಿಯ ಲೆಕ್ಕ ಬೇಕು. ಸುಗ್ಗಿಯ ಕಾಲಕ್ಕೆ ಮಕ್ಕಳು ಹೊಲಕ್ಕೆ, ಬೇಸಗೆಯಲ್ಲಿ ದನಕುರಿಗಳ ಹಿಂದೆ ಹೋದರೆ ಹಾಜರಿ ಪುಸ್ತಕ ಬರಿದಾಗುತ್ತಿತ್ತು. ಕುರಿ ಕಾಯುವ ಹುಡುಗನನ್ನು ಶಾಲೆಗೆ ಕಳುಹಿಸಿರೆಂದು ತಾಯಿಯ ಮುಂದೆ ನಿಂತು ಕೇಳುವುದು ಈ ಬಯಲಿನ ಯಾವ ಮೇಷ್ಟರಿಗೂ ತಪ್ಪದ ಕೆಲಸ. ಆ ಮಾತುಕತೆಯಲ್ಲಿ ಮೇಷ್ಟರು ಆಕೆಯನ್ನು ‘ಅವ್ವಾ’ ಎಂದೋ ‘ಅಕ್ಕಾ’ ಎಂದೋ ಕರೆಯಲೇಬೇಕು. ವರದಿಯಲ್ಲಿ ಬಾರದ ಈ ಸಂಬಂಧವಾಚಕವೇ ಊರೊಳಗೆ ಅವನ ಮೊದಲ ನೆಲೆ.

ಸಣ್ಣ ಸುಖಗಳು

ಮೊದಲನೆಯದು ಓದು. 1887ರಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ನಿನವರು ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದರು. ಅಗ್ಗದ ಬೆಲೆಯ ಈ ವಾರಪತ್ರಿಕೆ ಸಂಸ್ಥಾನದ ಹಳ್ಳಿಗಳವರೆಗೂ ಹೋಗುತ್ತಿತ್ತು. ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಆ ಕಾಲದ ಪತ್ರಿಕೆಯ ಬಳಕೆಯ ಕ್ರಮ. ಅರಳಿಕಟ್ಟೆಯಲ್ಲಿ ಮಳೆಯ ಸುದ್ದಿ, ಧಾರಣೆ, ದೂರದ ಯುದ್ಧಗಳ ಸುದ್ದಿ ಓದುವ ಮೇಷ್ಟರು ಉಪದೇಶ ಮಾಡುವ ಮೇಷ್ಟರಿಗಿಂತ ಹೆಚ್ಚು ಕೇಳುಗರನ್ನು ಪಡೆದಿದ್ದರೆ ಆಶ್ಚರ್ಯವಿಲ್ಲ. ಕೇಳಿದವರು ಪ್ರತಿಯಾಗಿ ಊರಿನ ಸುದ್ದಿ ಹೇಳುತ್ತಾರೆ, ಗಾದೆ ಹೇಳುತ್ತಾರೆ, ಹಳೆಯ ಬರದ ಕಥೆ ಹೇಳುತ್ತಾರೆ. ಓದುವವನೂ ಅಲ್ಲಿ ಕೇಳುವವನಾಗುತ್ತಾನೆ.

ಎರಡನೆಯದು ಹಾಡು. ಮಿಷನರಿಗಳು ತಮ್ಮ ನಾಡಿನ ಧಾಟಿಗಳಿಗೆ ಕನ್ನಡದ ಮಾತನ್ನು ಹೊಂದಿಸಿದರು. ಕೇಳುವ ಕಿವಿಗೆ ಅದು ಸಾಲದೆಂಬುದನ್ನು ಅವರಲ್ಲಿ ಕೆಲವರು ಬೇಗ ಅರಿತರು. ಫರ್ಡಿನೆಂಡ್ ಕಿಟ್ಟೆಲ್ ಅವರು 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸಿ ಯೇಸುವಿನ ಚರಿತೆಯನ್ನು ದೇಶೀ ಛಂದಸ್ಸಿಗೆ ತಂದದ್ದು ಇದಕ್ಕೆ ಸಾಕ್ಷಿ. ಚಳ್ಳಕೆರೆಯ ಸೀಮೆಯಲ್ಲಿ ಹಾಡಿನ ಬಲ ಎಷ್ಟೆಂಬುದನ್ನು ತಿಳಿಯಲು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರನ್ನು ನೆನೆದರೆ ಸಾಕು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಅವುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ನಾಡಿಗೆ ಪರಿಚಯಿಸಿದರು. ಬೀಸುವಾಗ, ಕುಟ್ಟುವಾಗ, ಜುಂಜಪ್ಪನನ್ನು ನೆನೆಯುವಾಗ ಪದ ಹುಟ್ಟುವ ಹಟ್ಟಿಗಳ ನಡುವೆ ಹಾಡಿನ ಪುಸ್ತಕ ಹಿಡಿದು ನಿಂತ ಮೇಷ್ಟರು ಕಲಿಸುವವರಾಗಿ ಮಾತ್ರ ಉಳಿಯುವುದು ಸಾಧ್ಯವಿರಲಿಲ್ಲ.

ಮೂರನೆಯದು ಜಾತ್ರೆ. ಇಲ್ಲಿ ಕರ್ತವ್ಯ ಮತ್ತು ಸುಖಗಳ ಗಡಿ ಬಹಳ ತೆಳುವಾದುದು. ಜಾತ್ರೆಗಳಲ್ಲಿ ನಿಂತು ಬೋಧಿಸುವುದು, ಸುವಾರ್ತೆಯ ಬಿಡಿಭಾಗಗಳನ್ನೂ ಕಿರುಪುಸ್ತಕಗಳನ್ನೂ ಮಾರುವುದು ಎಲ್ಲ ಮಿಷನ್ನುಗಳ ರೂಢಿಯಾಗಿತ್ತು. ಉಪದೇಶಿಯು ಜಾತ್ರೆಗೆ ಹೋಗಲೇಬೇಕು, ಆದರೆ ಜಾತ್ರೆಗೆ ಸೇರಬಾರದು. ಈ ಸೀಮೆಯ ಜಾತ್ರೆಗಳನ್ನು ಕಂಡವರಿಗೆ ಈ ನಿಯಮದ ಕಷ್ಟ ತಿಳಿಯುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವದಲ್ಲಿ ಮುಕ್ತಿಬಾವುಟದ ಹರಾಜು ಕೂಗುತ್ತಾರೆ, ಭಕ್ತರು ಒಣಕೊಬ್ಬರಿ ಸುಡುತ್ತಾರೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಈರುಳ್ಳಿ ತೂರುತ್ತಾರೆ. ಕ್ಯಾತೆದೇವರ ಜಾತ್ರೆಯಲ್ಲಿ ಕಾಡುಗೊಲ್ಲ ತರುಣರು ಮುಳ್ಳಿನ ಗುಡಿಯನ್ನು ಬರಿಗಾಲಿನಲ್ಲಿ ಏರಿ ಕಳಸ ಇಳಿಸುತ್ತಾರೆ. ಕಿರುಪುಸ್ತಕದ ಗಂಟನ್ನು ಮಡಿಲಲ್ಲಿಟ್ಟುಕೊಂಡ ಮೇಷ್ಟರು ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ನೋಡಲಾರರು. ಮಂಡಕ್ಕಿ, ಮೆಣಸಿನಕಾಯಿ, ಬೆಂಡು ಬತ್ತಾಸು ಯಾವ ಮತಕ್ಕೂ ಸೇರಿದವಲ್ಲ.

ಚರ್ಚಿನ ಹಬ್ಬಗಳೂ ಇದೇ ನೆಲದ ರೀತಿಯನ್ನು ಪಡೆದವು. ಕನ್ನಡ ಸಭೆಗಳ ಸುಗ್ಗಿ ಹಬ್ಬದಲ್ಲಿ ಜನರು ಹೊಸ ಬೆಳೆ, ತರಕಾರಿ, ಕೋಳಿ, ಮೊಟ್ಟೆಗಳನ್ನು ತಂದು ಒಪ್ಪಿಸುತ್ತಾರೆ. ಆರಾಧನೆಯ ಅನಂತರ ಅವುಗಳ ಹರಾಜು ನಡೆಯುತ್ತದೆ. ಒಂದು ಕುಂಬಳಕಾಯಿಗೆ ಅದರ ಬೆಲೆಯ ಹತ್ತುಪಟ್ಟು ಕೂಗಿ, ಕೊಂಡವನೇ ಮತ್ತೆ ಹರಾಜಿಗೆ ಬಿಡುವುದೂ ಉಂಟು. ಹರಾಜು ಕೂಗುವ ಕೆಲಸಕ್ಕೆ ಗಟ್ಟಿ ದನಿಯ, ಹಾಸ್ಯ ಬಲ್ಲ ಮೇಷ್ಟರೇ ತಕ್ಕವರು. ಮುಕ್ತಿಬಾವುಟದ ಹರಾಜಿಗೂ ಈ ಹರಾಜಿಗೂ ದೇವರು ಬೇರೆ. ಪಡೆದದ್ದರ ಒಂದು ಪಾಲನ್ನು ಎಲ್ಲರ ಎದುರಿಗೆ, ನಗುನಗುತ್ತ ಬಿಟ್ಟುಕೊಡುವ ಮನೋಧರ್ಮ ಒಂದೇ. ವರ್ಷವಿಡೀ ಸಂಬಳಕ್ಕೆ ಅಯ್ಯನವರ ಮುಖ ನೋಡುವ ಮೇಷ್ಟರು ಆ ಒಂದು ಗಳಿಗೆ ಇಡೀ ಸಭೆಯನ್ನು ತಮ್ಮ ಮಾತಿನಲ್ಲಿ ಆಡಿಸಬಲ್ಲರು.

ಗಾದೆಯ ದಾರಿ

ಕಟ್ಟೆಯ ಮೇಲೆ ಕೇಳಿದ ಮಾತು ಕಟ್ಟೆಯಲ್ಲೇ ಉಳಿಯಲಿಲ್ಲ. ಮಿಷನ್ನಿನ ವಿದ್ವಾಂಸರಿಗೆ ಜನರ ಮಾತು ಬೇಕಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಶಬ್ದಗಳ ಕಿಟ್ಟೆಲ್ ನಿಘಂಟಿನಲ್ಲಿ ಶಬ್ದದ ಅರ್ಥಕ್ಕೆ ಆಧಾರವಾಗಿ ಪ್ರಾಚೀನ ಕಾವ್ಯಗಳ ಜೊತೆಗೆ ಗಾದೆಗಳೂ ಹೇರಳವಾಗಿ ಬಂದಿವೆ. ಜರ್ಮನಿಯಿಂದ ಬಂದ ವಿದ್ವಾಂಸರೊಬ್ಬರಿಗೆ ಇಷ್ಟು ಗಾದೆಗಳು ದೊರೆಯಬೇಕಾದರೆ ಅವುಗಳನ್ನು ಬಳಕೆಯಲ್ಲಿ ಕೇಳಿ ತಿಳಿಸಬಲ್ಲ ದೇಶೀಯರ ನೆರವು ಬೇಕೇಬೇಕು. ಮುಖಪುಟದಲ್ಲಿ ಒಬ್ಬರ ಹೆಸರಿದೆ. ಒಳಗಿನ ಮಾತಿನಲ್ಲಿ ಅನೇಕರ ಕಿವಿ ಇದೆ.

ಆ ಕಿವಿಯ ಶ್ರೇಷ್ಠ ಉದಾಹರಣೆಯಾಗಿ ನೆರೆಯ ಸೀಮೆಯ ಉತ್ತಂಗಿ ಚನ್ನಪ್ಪನವರನ್ನು (1881–1962) ನೋಡಬಹುದು. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಮೂಲ ಊರು. ಬಾಸೆಲ್ ಮಿಷನ್ನಿನಲ್ಲಿ ಕಲಿತು, ಅದರ ಸೇವೆಯಲ್ಲಿಯೇ ಸಭಾಪಾಲಕರಾಗಿದ್ದ ಅವರು ಹಳ್ಳಿಹಳ್ಳಿಗಳಲ್ಲಿ ಜನರ ಬಾಯಿಯಿಂದಲೂ ಓಲೆ, ಕೈಬರಹಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಮುಂದೆ ಶರಣರ ವಚನಗಳ ಸಂಪಾದನೆಯಲ್ಲಿ ತೊಡಗಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೋಧಿಸಲು ಹೊರಟವರು ಕೇಳಲು ನಿಂತುದರ ಫಲವಿದು. ಉತ್ತಂಗಿಯವರಿಗೆ ವಿದ್ವತ್ತಿನ ಬಲವಿದ್ದುದರಿಂದ ಕೇಳಿದ್ದು ಗ್ರಂಥವಾಯಿತು. ಹಾಗೆ ಕೇಳಿಯೂ ಬರೆಯದೆ ಹೋದವರು, ಬರೆದರೂ ಅಚ್ಚಿಗೆ ಕಳುಹಿಸಲಾಗದವರು ಉಪದೇಶಿ ಮೇಷ್ಟರ ಸಾಲಿನಲ್ಲಿ ಅನೇಕರು ಇದ್ದಿರಬೇಕು.

ಈ ಸೀಮೆ ಮೇಷ್ಟರನ್ನು ಮರೆಯುವ ಸೀಮೆಯಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳಾಗಿ ನೆನಪಿನಲ್ಲಿದ್ದಾರೆ. ಬೆಳಗೆರೆ ಕೃಷ್ಣಶಾಸ್ತ್ರಿಗಳು ತಮ್ಮ ಊರಿನಲ್ಲೇ ಶಾಲೆ ಕಟ್ಟಿ, ‘ಯೇಗ್ದಾಗೆಲ್ಲಾ ಐತೆ’ ಎಂಬ ಕೃತಿಯಿಂದ ಹಳ್ಳಿಯ ಅನುಭಾವವನ್ನು ನಾಡಿಗೆ ಕೊಟ್ಟರು. ಇವರ ಸಾಲಿನ ಕೊನೆಯಲ್ಲಾದರೂ ಉಪದೇಶಿ ಮೇಷ್ಟರಿಗೆ ಒಂದು ಮಣೆ ಹಾಕಬೇಕಾದುದು ಉಚಿತ.

ಸಮಾರೋಪ

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂದು ವೆಸ್ಲಿಯನ್, ಲಂಡನ್ ಮಿಷನ್ ಮೊದಲಾದ ಪಂಗಡಗಳು ಒಂದಾದವು. ಕಾಲಕ್ರಮದಲ್ಲಿ ಸರ್ಕಾರಿ ಶಾಲೆಗಳು ಹಳ್ಳಿಗಳಿಗೆ ಬಂದವು. ಶಾಲೆಯನ್ನೂ ಸಭೆಯನ್ನೂ ಒಬ್ಬನೇ ನಡೆಸುವ ಹಳೆಯ ಮಾದರಿಯ ಉಪದೇಶಿ ಮೇಷ್ಟರು ತೆರೆಯ ಹಿಂದೆ ಸರಿದರು. ಮಿಷನ್ನುಗಳ ವರದಿಗಳು ದೇಶವಿದೇಶಗಳ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಭದ್ರವಾಗಿಲ್ಲದಿರುವುದು ಹಳೆಯ ಹಾಜರಿ ಪುಸ್ತಕಗಳು, ಬದಿಯಲ್ಲಿ ಧಾಟಿಯ ಹೆಸರು ಬರೆದ ಹಾಡಿನ ಪುಸ್ತಕಗಳು, ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಗುರುತು ಹಾಕಿದ ಹುಟ್ಟುಸಾವುಗಳು, ಮತ್ತು ಈ ಮೇಷ್ಟರಲ್ಲಿ ಕಲಿತ ಹಿರಿಯರ ನೆನಪು.

ಇವುಗಳನ್ನು ಸಂಗ್ರಹಿಸುವುದು ಚರ್ಚಿನ ಚರಿತ್ರೆ ಬರೆಯುವವರ ಕೆಲಸವೆಂದು ಜಾನಪದ ವಿದ್ವಾಂಸರು ಸುಮ್ಮನಿರಬಾರದು. ಕಟ್ಟೆಯ ಮೇಲೆ ಕುಳಿತು ಗಾದೆ ಕೇಳಿದ ಮೇಷ್ಟರು ನಮ್ಮ ಶಾಸ್ತ್ರದ ಹೆಸರಿಲ್ಲದ ಪೂರ್ವಿಕರು. ಆಚಾರ್ಯನನ್ನು ಗೌರವಿಸಬೇಕೆಂಬ ಬ್ರಹ್ಮಗಿರಿಯ ಬಂಡೆಯ ಮಾತನ್ನು ಅವರ ವಿಷಯದಲ್ಲಿ ನಡೆಸಿಕೊಡುವ ಹೊಣೆ ನಮ್ಮದಾಗಿದೆ.