ತಾತನ ಎಚ್‌ಎಂಟಿ, ನಮ್ಮ ಕ್ಲಾಸಿನ ಮ್ಯಾಕ್‌ಬುಕ್

ನಮ್ಮೂರ ಇತಿಹಾಸ, ಭಾಗ 7. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಮನೇಲಿ ಹಳೇ ಮದುವೆ ಆಲ್ಬಮ್ ಇದ್ರೆ ತೆಗೀರಿ. ಮದುವೆ ಗುಬ್ಬಿಯಲ್ಲಾಗಿರಲಿ, ಕುಣಿಗಲ್‌ನಲ್ಲಾಗಿರಲಿ, ಎಪ್ಪತ್ತು-ಎಂಬತ್ತರ ದಶಕದ್ದಾದ್ರೆ ಮದುಮಗನ ಎಡಗೈ ನೋಡಿ. ಅಲ್ಲೊಂದು ವಾಚಿದ್ರೆ ಅದು ಎಚ್‌ಎಂಟಿ ಆಗಿರೋ ಸಾಧ್ಯತೆನೇ ಜಾಸ್ತಿ. ಮಾವನ ಮನೆಯ ಉಡುಗೊರೆ ಅದು. ಮೊದಲ ಫೋಟೋದಲ್ಲಿರೋದು ನಮ್ಮ ತಾತಂದು.

ಈಗ ನಮ್ಮ ಕ್ಲಾಸಿಗೆ ಬನ್ನಿ. ಎಲ್ಲರೂ ಲ್ಯಾಪ್‌ಟಾಪ್ ತಗೊಳ್ಳೋ ಸಮಯ. ಕೇಳೋ ಪ್ರಶ್ನೆ ಒಂದೇ: ಡಿಸೈನ್‌ನಲ್ಲಿ ಮ್ಯಾಕ್‌ಬುಕ್‌ನ ಮೀರಿಸೋದು ಇದೆಯಾ, ಇಲ್ವಾ? ಕೆಲವರು ಇದಕ್ಕೆ ಇಎಂಐ ಮಾಡಿಸೋಕೆ ಅಪ್ಪನ ಬೆನ್ನು ಬಿದ್ದಿದಾರೆ. ನಾನು ಹಿಸ್ಟರಿ ಹುಚ್ಚಿನವನು, ಸೀದಾ ಉತ್ತರ ಹೇಳೋಕೆ ಬರಲ್ಲ. ಮೊದಲು ನಮ್ಮೂರಲ್ಲೇ ಆದ ಕಥೆ ಕೇಳಿ.

ಹಿಂದೂಸ್ತಾನ್ ಮಷಿನ್ ಟೂಲ್ಸ್ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡ್ತು. ತುಮಕೂರಿನ ಕಾರ್ಖಾನೆ ಬಂದಿದ್ದು 1978ರಲ್ಲಿ. ಜನತಾ, ಪೈಲಟ್, ಕೊಹಿನೂರ್, ಕಾಂಚನ್ ಅಂತ ಹೆಸರುಗಳು. ಕಾಂಚನ್‌ಗಂತೂ ಎಷ್ಟು ಬೇಡಿಕೆ ಅಂದ್ರೆ ನಿಗದಿತ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳೋರಿದ್ರು. ದಿನಾ ಬೆಳಿಗ್ಗೆ ಕೀ ಕೊಟ್ರೆ ಸಾಕು, ವರ್ಷಗಟ್ಟಲೆ ಓಡ್ತಿತ್ತು. ಒಳಗಿನ ಯಂತ್ರದ ಗಟ್ಟಿತನದಲ್ಲಿ ಎಚ್‌ಎಂಟಿಗೆ ಎದುರಾಳಿನೇ ಇರಲಿಲ್ಲ ಅಂದ್ರೂ ತಪ್ಪಿಲ್ಲ.

ಆಮೇಲೆ ಕ್ವಾರ್ಟ್ಜ್ ಬಂತು. ಬ್ಯಾಟರಿಯಿಂದ ಸೆಕೆಂಡಿಗೆ 32,768 ಸಲ ಕಂಪಿಸೋ ಚಿಕ್ಕ ಸ್ಫಟಿಕ. ಕೀ ಕೊಡೋದು ಬೇಡ, ಟೈಮೂ ತಪ್ಪಲ್ಲ. ಇದು ಎಚ್‌ಎಂಟಿಗೆ ಗೊತ್ತಿರಲಿಲ್ಲ ಅಂತ ಹೇಳೋರು ತಪ್ಪು ಹೇಳ್ತಾರೆ. ಎಂಬತ್ತರ ದಶಕದಲ್ಲೇ ಇದೇ ತುಮಕೂರು ಕಾರ್ಖಾನೆಯ ಒಂದು ಭಾಗ ಕ್ವಾರ್ಟ್ಜ್ ವಾಚಿಗೆ ಬದಲಾಗಿತ್ತು. ಆದ್ರೂ ಕಂಪನಿಯ ಮನಸ್ಸು ಕೀ ಕೊಡೋ ವಾಚಲ್ಲೇ ಉಳೀತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಹೊಸೂರಲ್ಲಿ ಟೈಟನ್ ಕಟ್ಟಿದ್ರು. 1987ರಲ್ಲಿ ಅದರ ವಾಚುಗಳು ಅಂಗಡಿಗೆ ಬಂದ್ವು, ಎಲ್ಲಾ ಕ್ವಾರ್ಟ್ಜ್. ಟೈಟನ್ ಮಾರಿದ್ದು ಯಂತ್ರ ಅಲ್ಲ, ಮುಖ. ಹತ್ತಾರು ನಮೂನೆಯ ಡಯಲ್ಲು, ಗಾಜಿನ ಶೋರೂಮು, ಮೊಜಾರ್ಟ್ ಸಂಗೀತದ ಜಾಹೀರಾತು. ಹಬ್ಬಕ್ಕೆ ಬಟ್ಟೆ ಆರಿಸೋ ಹಾಗೆ ಜನ ವಾಚು ಆರಿಸೋಕೆ ಶುರು ಮಾಡಿದ್ರು. 2002ರಲ್ಲಿ ಅವರೇ ತಂದ ಟೈಟನ್ ಎಡ್ಜ್ ಬರೀ 3.5 ಮಿಲಿಮೀಟರ್ ದಪ್ಪ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಡ್ತು. ತುಮಕೂರಿನ ಆ ಜಾಗ ಈಗ ಇಸ್ರೋದ್ದು.

ಇದನ್ನ ತಲೇಲಿಟ್ಕೊಂಡು ಆ್ಯಪಲ್ ಕಡೆ ಬನ್ನಿ. ಅಲ್ಲಿ ಕಥೆ ಉಲ್ಟಾ.

ಸ್ಲೈಡ್ 4 ನೋಡಿ. 1991ಕ್ಕಿಂತ ಮುಂಚಿನ ಲ್ಯಾಪ್‌ಟಾಪಲ್ಲಿ ಕೀಬೋರ್ಡ್ ಸಾಮಾನ್ಯವಾಗಿ ಮುಂದಿನ ಅಂಚಿಗೇ ಅಂಟಿಕೊಂಡಿರ್ತಿತ್ತು. ಅಂಗೈ ಇಡೋಕೆ ಜಾಗನೇ ಇಲ್ಲ. ಆ ವರ್ಷ ಬಂದ ಪವರ್‌ಬುಕ್ ಕೀಬೋರ್ಡನ್ನ ಹಿಂದಕ್ಕೆ ತಳ್ತು, ಮುಂದೆ ಅಂಗೈಗೆ ಜಾಗ ಬಿಟ್ಟು ನಡುವೆ ಉರುಳೋ ಗುಂಡು ಇಟ್ತು. ಇವತ್ತು ನಿಮ್ಮ ಕೈಲಿರೋ ಲ್ಯಾಪ್‌ಟಾಪ್ ಯಾವ ಕಂಪನಿಯದ್ದೇ ಆಗಿರಲಿ, ಅದರ ಆಕಾರ ಅಲ್ಲಿಂದ ಬಂದಿದ್ದು. ಮುಂದಿನ ವರ್ಷನೇ ಐಬಿಎಂ ಥಿಂಕ್‌ಪ್ಯಾಡ್ 700ಸಿ ಬಂತು. ಕಪ್ಪು ಡಬ್ಬಿ, ನಡುವೆ ಕೆಂಪು ಚುಕ್ಕಿ. ನನಗೆ ಕೇಳಿದ್ರೆ, ಮೂವತ್ತು ವರ್ಷ ಆದ್ರೂ ಮುಖ ಬದಲಾಯಿಸದೆ ಮರ್ಯಾದೆ ಉಳಿಸಿಕೊಂಡಿರೋದು ಅದೊಂದೇ.

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದ್ರು. ತೂಕ 1.36 ಕೆಜಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದ ಮೈ ಬಂತು. ಆಗ ಮಾತ್ರ ಉಳಿದವರೆಲ್ಲಾ ಹಿಂದೆ ಬಿದ್ರು, ಅದು ನಿಜ. ಇಂಟೆಲ್ 2011ರಲ್ಲಿ 'ಅಲ್ಟ್ರಾಬುಕ್' ಅಂತ ಹೆಸರಿಟ್ಟು 30 ಕೋಟಿ ಡಾಲರ್ ನಿಧಿ ತೆಗೆದಿಟ್ಟಿದ್ದು ಇದನ್ನ ಹಿಡಿಯೋಕೇನೇ.

ಹಿಡಿದ್ರಾ? ಹಿಡಿದ್ರು. 2015ರ ಡೆಲ್ ಎಕ್ಸ್‌ಪಿಎಸ್ 13 ಪರದೆ ಸುತ್ತಲಿನ ಅಂಚನ್ನ ಸುಮಾರು 5 ಮಿಲಿಮೀಟರಿಗೆ ಇಳಿಸ್ತು. ಪಕ್ಕದಲ್ಲಿ ಅದೇ ವರ್ಷದ ಮ್ಯಾಕ್‌ಬುಕ್ ಏರ್ ಇಟ್ರೆ ಮ್ಯಾಕ್ ಹಳೇ ಫೋಟೋ ಫ್ರೇಮ್ ಥರ ಕಾಣ್ತಿತ್ತು. ಆ್ಯಪಲ್ ಮಾತ್ರ ತೆಳು ಮಾಡೋ ಗೀಳಲ್ಲೇ ಇತ್ತು. 2015ರ 12 ಇಂಚಿನ ಮ್ಯಾಕ್‌ಬುಕ್ಕಿಗೆ ಒಂದೇ ಯುಎಸ್‌ಬಿ-ಸಿ ಕಿಂಡಿ, ಜೊತೆಗೆ ಬಟರ್‌ಫ್ಲೈ ಕೀಬೋರ್ಡ್. ಕೀಲಿ ಎಷ್ಟು ಚಪ್ಪಟೆ ಅಂದ್ರೆ ಒಳಗೆ ಧೂಳಿನ ಕಣ ಸಿಕ್ಕಿದ್ರೂ ಒಂದು ಅಕ್ಷರ ಎರಡೆರಡು ಸಲ ಬೀಳೋದು, ಇಲ್ಲಾ ಬೀಳದೇ ಇರೋದು. ನಮ್ಮ ಬಿಎಚ್ ರೋಡಿನ ಧೂಳಲ್ಲಿ ಅದು ಎಷ್ಟು ದಿನ ಬಾಳ್ತಿತ್ತೋ ನೀವೇ ಯೋಚಿಸಿ. 2016ರಲ್ಲಿ ಪ್ರೊನಿಂದ ಎಚ್‌ಡಿಎಂಐ, ಎಸ್‌ಡಿ ಕಾರ್ಡು, ಕಾಲು ತಗುಲಿದ್ರೆ ತಾನೇ ಕಳಚಿಕೊಳ್ಳೋ ಮ್ಯಾಗ್‌ಸೇಫ್ ಚಾರ್ಜರ್ ಎಲ್ಲಾ ಹೋದ್ವು. 2018ರಲ್ಲಿ ಕಂಪನಿಯೇ ಆ ಕೀಬೋರ್ಡಿಗೆ ಉಚಿತ ರಿಪೇರಿ ಘೋಷಿಸಬೇಕಾಯ್ತು, 2019ರ ಕೊನೆಗೆ ಹಳೇ ನಮೂನೆಯ ಕೀಲಿಗೆ ವಾಪಸ್ಸಾಯ್ತು. 2021ರ ಪ್ರೊನಲ್ಲಿ ಎಚ್‌ಡಿಎಂಐ, ಕಾರ್ಡು, ಮ್ಯಾಗ್‌ಸೇಫ್ ಮೂರೂ ತಿರುಗಿ ಬಂದ್ವು. 16 ಇಂಚಿನದ್ದು ಮುಂಚಿನದ್ದಕ್ಕಿಂತ ದಪ್ಪ. ಯಾರೂ ಬೈಲಿಲ್ಲ.

ಈ ನಡುವೆ 2020ರ ನವೆಂಬರ್‌ನಲ್ಲಿ ಎಂ1 ಚಿಪ್ಪಿನ ಏರ್ ಬಂದಿತ್ತು. ನಮ್ಮಲ್ಲಿ ಬೆಲೆ ₹92,900. ಹೊರಗಿನ ಮುಖ ಹೆಚ್ಚುಕಮ್ಮಿ ಹಳೇದೇ, ಒಳಗಿನ ಯಂತ್ರ ಪೂರ್ತಿ ಹೊಸದು. ಫ್ಯಾನೇ ಇಲ್ಲ, ಸದ್ದಿಲ್ಲ, ಇಡೀ ದಿನ ಬ್ಯಾಟರಿ. ಉಲ್ಟಾ ಅಂದೆನಲ್ಲ, ಅದು ಇದೇ. ಎಚ್‌ಎಂಟಿಗೆ ಯಂತ್ರದಲ್ಲಿ ಮುನ್ನಡೆ ಇತ್ತು, ಮುಖದಲ್ಲಿ ಸೋಲ್ತು. ಆ್ಯಪಲ್‌ಗೆ ಮುಖದಲ್ಲಿ ಮುನ್ನಡೆ ಇತ್ತು, ಅದನ್ನ ಎಲ್ಲರೂ ಕಲಿತುಬಿಟ್ಟ ಮೇಲೆ ಯಂತ್ರದಲ್ಲಿ ಮುಂದೆ ಹೋಯ್ತು.

ಹಾಗಾದ್ರೆ ಡಿಸೈನ್ ಈಗ್ಲೂ ನಂಬರ್ ಒನ್ನಾ? ಟ್ರ್ಯಾಕ್‌ಪ್ಯಾಡ್, ಮೈಯ ಬಿಗಿ, ಮೌನ, ಇವುಗಳಲ್ಲಿ ನನ್ನ ಮಟ್ಟಿಗೆ ಹೌದು. ತೂಕದಲ್ಲಿ ಅಲ್ಲ: 2022ರ 13 ಇಂಚಿನ ಏರ್ 1.24 ಕೆಜಿ, ಅದಕ್ಕೂ ಒಂದು ವರ್ಷ ಮೊದಲೇ ಬಂದಿದ್ದ ಎಲ್‌ಜಿ ಗ್ರಾಂ 16 ಇಂಚು ಪರದೆ ಇಟ್ಕೊಂಡೂ 1.2 ಕೆಜಿ ಒಳಗೆ. ರಿಪೇರಿಯಲ್ಲಿ ಖಂಡಿತಾ ಅಲ್ಲ. ಏರ್‌ನ ಮೆಮೊರಿಯನ್ನ ಆಮೇಲೆ ಹೆಚ್ಚಿಸೋಕೆ ಆಗಲ್ಲ, ಕೊಳ್ಳುವಾಗ ಎಷ್ಟು ತಗೊಂಡ್ರೋ ಅಷ್ಟೇ. 2021ರಿಂದ ಬರ್ತಿರೋ ಫ್ರೇಮ್‌ವರ್ಕ್ ಲ್ಯಾಪ್‌ಟಾಪನ್ನ ಒಂದು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಬ್ಯಾಟರಿ, ಮೆಮೊರಿ, ಕೀಬೋರ್ಡ್ ನೀವೇ ಬದಲಾಯಿಸಬಹುದು. ತಾತನ ವಾಚನ್ನೂ ಹಾಗೇ ಬಿಚ್ಚಬಹುದಿತ್ತು. ಅದಕ್ಕೇ ಅದು ಇನ್ನೂ ಓಡ್ತಿದೆ.

ಆದ್ರಿಂದ ಇಎಂಐ ಹಾಕೋ ಮುಂಚೆ ಅಂಗಡಿಗೆ ಹೋಗಿ ಎರಡು ಕೆಲಸ ಮಾಡಿ. ಲ್ಯಾಪ್‌ಟಾಪನ್ನ ಮೇಜಿನ ಮೇಲಿಟ್ಟು ಮುಚ್ಚಳನ ಒಂದೇ ಬೆರಳಲ್ಲಿ ಎತ್ತಿ, ಕೆಳಗಿನ ಭಾಗವೂ ಜೊತೆಗೆ ಎದ್ದು ಬರುತ್ತಾ ನೋಡಿ. ಆಮೇಲೆ ಕೀಬೋರ್ಡ್ ಹೋದ್ರೆ, ಬ್ಯಾಟರಿ ಸತ್ರೆ ತುಮಕೂರಲ್ಲೇ ರಿಪೇರಿ ಆಗುತ್ತಾ, ಬೆಂಗಳೂರಿಗೆ ಬಸ್ ಹತ್ತಬೇಕಾ, ಎಷ್ಟಾಗುತ್ತೆ ಅಂತ ಕೇಳಿ. ಅಪ್ಪ ಕೇಳೋದೂ ಎರಡನೇದನ್ನೇ.

ಕೊನೇ ಸ್ಲೈಡ್ ಬಗ್ಗೆ ಒಂದು ಮಾತು: ಟೈಟನ್ ಕಟ್ಟಿದ ಅದೇ ಟಾಟಾ, 2023ರಲ್ಲಿ ವಿಸ್ಟ್ರಾನ್ ಕಾರ್ಖಾನೆ ಕೊಂಡು ಈಗ ನರಸಾಪುರದಲ್ಲಿ ಐಫೋನ್ ಜೋಡಿಸುತ್ತೆ. ಕೋಲಾರದ ನರಸಾಪುರ ಕಣ್ರೋ, ನಮ್ಮ ವಸಂತನರಸಾಪುರ ಅಲ್ಲ!

ಭಾಗ 8: ರಂಗದ ಮೇಲೆ ನಿಜವಾದ ಆನೆ ತಂದ ಗುಬ್ಬಿ ಕಂಪನಿ.

#ತುಮಕೂರು #ಗುಬ್ಬಿ #ಕುಣಿಗಲ್ #ಎಚ್‌ಎಂಟಿ #ನಮ್ಮೂರಇತಿಹಾಸ